ಹತ್ತನೇ ತರಗತಿಯ ಮಗಳು ಮಾಂಸ ಬಿಟ್ಟಿದ್ದಾಳೆ: ಅಡುಗೆಮನೆಯಲ್ಲಿ ನಾನು ಏನು ಬದಲಿಸಬೇಕು?

ಮದ್ದೂರಿನ ಅಮ್ಮ
ನಮ್ಮದು ಮಂಡ್ಯ ಜಿಲ್ಲೆಯ ರೈತ ಕುಟುಂಬ. ಭಾನುವಾರ ಬಂತೆಂದರೆ ಕೋಳಿ ಸಾರು ಆಗಲೇಬೇಕು. ಯುಗಾದಿಯ ಮರುದಿನದ ಹೊಸತೊಡಕಿಗೆ ಅಣ್ಣತಮ್ಮಂದಿರ ಮನೆಗಳವರೆಲ್ಲ ಸೇರಿ ಗುಡ್ಡೆ ಬಾಡು ಹಾಕಿಸಿ ಹಂಚಿಕೊಳ್ಳುವುದು ಮಾವನವರ ಕಾಲದಿಂದಲೂ ನಡೆದುಬಂದಿದೆ. ಈ ವರ್ಷ ಅದೇ ದಿನ, ಎಲ್ಲರ ತಟ್ಟೆಗೂ ಮುದ್ದೆ ಹಾಕಿ ನಾನು ಸಾರಿನ ಸೌಟು ಎತ್ತಿದಾಗ, ಹದಿನೈದು ವರ್ಷದ ಮಗಳು ತಟ್ಟೆಗೆ ಅಂಗೈ ಅಡ್ಡ ಹಿಡಿದು, "ನನಗೆ ಬೇಡಮ್ಮ, ಇನ್ನು ಮೇಲೆ ತಿನ್ನುವುದಿಲ್ಲ" ಎಂದಳು. ಎರಡು ದಿನದ ಹಟವೆಂದುಕೊಂಡಿದ್ದೆವು. ಈಗ ಎರಡೂವರೆ ತಿಂಗಳಾಯಿತು.

ಭಾನುವಾರ ನಾವೆಲ್ಲ ಉಣ್ಣುವಾಗ ಅವಳು ಮಜ್ಜಿಗೆ ಮತ್ತು ಉಪ್ಪಿನಕಾಯಿಯಲ್ಲಿ ಊಟ ಮುಗಿಸುತ್ತಾಳೆ. ಉಳಿದ ದಿನಗಳಲ್ಲೂ ಅನ್ನ ಮತ್ತು ತಿಳಿ ಸಾರು ಬಿಟ್ಟರೆ ಹೆಚ್ಚೇನೂ ಹೊಟ್ಟೆಗೆ ಹೋಗುತ್ತಿಲ್ಲ. ಸಂಜೆ ಶಾಲೆಯಿಂದ ಬಂದವಳೇ ಚೀಲ ಇಟ್ಟು ಮಲಗಿಬಿಡುತ್ತಾಳೆ. ಮೈ ಬೆಳೆಯುವ ವಯಸ್ಸಿನಲ್ಲಿ ಹೀಗಾದರೆ ಹೇಗೆಂದು ಅತ್ತೆಯವರು ದಿನವೂ ಕೇಳುತ್ತಾರೆ. ಯಜಮಾನರು ಊಟದ ಹೊತ್ತಿನಲ್ಲಿ ಅವಳೊಂದಿಗೆ ಮಾತೇ ಆಡುವುದಿಲ್ಲ. ಅವಳನ್ನು ಬಲವಂತಪಡಿಸುವ ಮನಸ್ಸು ನನಗಿಲ್ಲ. ಆದರೆ ಈ ವಯಸ್ಸಿನಲ್ಲಿ ಮಾಂಸ ಬಿಟ್ಟರೆ ನಿಜವಾಗಿ ತೊಂದರೆಯಾಗುತ್ತದೆಯೇ? ಒಂದೇ ಒಲೆಯಲ್ಲಿ ಎರಡು ಬಗೆ ಅಡುಗೆ ಮಾಡದೆ ಇದನ್ನು ನಿಭಾಯಿಸುವುದು ಹೇಗೆ?

ತುಮಕೂರಿನ ಮೇಷ್ಟ್ರು
ಅಕ್ಕ, ಅವಳು ಏಕೆ ಬಿಟ್ಟಳೆಂದು ಕೇಳಿದಿರಾ?

ಮದ್ದೂರಿನ ಅಮ್ಮ
ಕೇಳಿದೆ ಸರ್. "ಇಷ್ಟವಿಲ್ಲ" ಎಂಬುದರ ಆಚೆಗೆ ಒಂದು ಮಾತೂ ಬರುತ್ತಿಲ್ಲ.

ಮಕ್ಕಳ ವೈದ್ಯೆ, ಹುಬ್ಬಳ್ಳಿ
ಮಾಂಸ ಬಿಟ್ಟ ಮಾತ್ರಕ್ಕೆ ತೊಂದರೆಯಾಗುವುದಿಲ್ಲ. ಮಾಂಸ ಬಿಟ್ಟು, ತಟ್ಟೆಯಲ್ಲಿ ಆ ಜಾಗವನ್ನು ಖಾಲಿ ಉಳಿಸಿದರೆ ಖಂಡಿತ ಆಗುತ್ತದೆ, ಮತ್ತು ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಮಗಳ ತಟ್ಟೆಯಲ್ಲಿ ಆ ಜಾಗ ಖಾಲಿಯೇ ಇದೆ. ಅನ್ನ, ತಿಳಿ ಸಾರು, ಮಜ್ಜಿಗೆ ಇಷ್ಟರಲ್ಲೇ ದಿನ ಕಳೆಯುವುದು ಸಸ್ಯಾಹಾರವೆನ್ನುವುದಕ್ಕಿಂತ ಅರೆಹೊಟ್ಟೆಯ ಊಟವೆನ್ನಬೇಕು.

ಈ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನನಗೆ ಮೊದಲ ಚಿಂತೆ ಕಬ್ಬಿಣಾಂಶದ್ದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಅದೇ ವಯಸ್ಸಿನ ಹುಡುಗನಿಗೆ 22 ಸಾಕು. ತಿಂಗಳ ಮುಟ್ಟು ಮತ್ತು ಬೆಳವಣಿಗೆ ಒಟ್ಟಿಗೇ ಬರುವುದರಿಂದ ಈ ವ್ಯತ್ಯಾಸ. ಮಾಂಸದಲ್ಲಿರುವ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುತ್ತದೆ. ಕಾಳು ಮತ್ತು ಸೊಪ್ಪಿನದು ಅಷ್ಟು ಸುಲಭವಾಗಿ ದಕ್ಕುವುದಿಲ್ಲವಾದ್ದರಿಂದ ಅದಕ್ಕೆ ನೆರವು ಬೇಕು. ಊಟದ ಜೊತೆ ನಿಂಬೆಹಣ್ಣು, ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಇದ್ದರೆ ಹೀರುವಿಕೆ ಹೆಚ್ಚುತ್ತದೆ. ಊಟದ ಹಿಂದೆಯೇ ಕಾಫಿ, ಟೀ ಕುಡಿದರೆ ಕುಗ್ಗುತ್ತದೆ.

ಹಾಗೆಂದು ಮಾಂಸ ಬಿಟ್ಟದ್ದೇ ಆಯಾಸಕ್ಕೆ ಕಾರಣವೆಂದು ಈಗಲೇ ತೀರ್ಮಾನಿಸಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಕಂಡುಬಂದಿದೆ, ಮತ್ತು ಅವರಲ್ಲಿ ಮಾಂಸ ತಿನ್ನುವ ಮನೆಗಳ ಮಕ್ಕಳೂ ಇದ್ದಾರೆ. ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 12 ಗ್ರಾಂಗಿಂತ ಕಡಿಮೆ ಬಂದರೆ ವೈದ್ಯರು ಮಾತ್ರೆ ಕೊಡುತ್ತಾರೆ. ಅವಳು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುತ್ತಿದ್ದರೆ, ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ನುಂಗುತ್ತಾಳೋ, ಚೀಲದಲ್ಲಿ ಹಾಗೇ ಇಟ್ಟುಕೊಳ್ಳುತ್ತಾಳೋ ನೋಡಿ. ಹೊಟ್ಟೆ ತೊಳೆಸುತ್ತದೆಂದು ಬಹಳ ಮಕ್ಕಳು ಅದನ್ನು ನುಂಗುವುದಿಲ್ಲ.

ಜಯನಗರದ ಓದುಗ
ಮಗಳಿಗೆ ಒಳ್ಳೆಯ ಬುದ್ಧಿ ಬಂದಿದೆ ಎಂದು ಸಂತೋಷಪಡಬೇಕಾದ ವಿಷಯವಿದು. ಸಾತ್ವಿಕ ಆಹಾರದಿಂದ ಮನಸ್ಸು ಶುದ್ಧವಾಗುತ್ತದೆ, ಓದು ತಲೆಗೆ ಹತ್ತುತ್ತದೆ. ನಿಧಾನವಾಗಿ ಮನೆಯವರೆಲ್ಲರೂ ಅವಳನ್ನು ಅನುಸರಿಸಬಹುದು.

ಕುಂದಾಪುರದವನು
ಜಯನಗರದ ಹಿರಿಯರಿಗೆ ಗೌರವದಿಂದಲೇ ಹೇಳುತ್ತೇನೆ, ಈ ಮಾತನ್ನು ನಾನು ಒಪ್ಪುವುದಿಲ್ಲ. 2014ರಲ್ಲಿ ಕೇಂದ್ರ ಸರ್ಕಾರದ ಮಾದರಿ ನೋಂದಣಿ ಸಮೀಕ್ಷೆ ನಡೆದಾಗ, ಹದಿನೈದು ವರ್ಷ ಮೀರಿದವರಲ್ಲಿ ನೂರಕ್ಕೆ ಸುಮಾರು 71 ಮಂದಿ ತಾವು ಮಾಂಸಾಹಾರಿಗಳೆಂದು ಹೇಳಿದ್ದರು. ಇಷ್ಟು ಜನರ ಮನಸ್ಸು ಅಶುದ್ಧವೆಂದು ಯಾರೂ ಹೇಳಲಾರರು.

ನನ್ನ ಅನುಭವ ಇದಕ್ಕೆ ಸಂಬಂಧಿಸಿದ್ದೇ ಆಗಿದೆ. ಹದಿನಾರನೇ ವಯಸ್ಸಿನಲ್ಲಿ ಓದಲು ಬೆಂಗಳೂರಿನ ವಸತಿ ನಿಲಯವೊಂದಕ್ಕೆ ಸೇರಿದೆ. ಅಮ್ಮ ಒಣ ಸಿಗಡಿ ಚಟ್ನಿಯನ್ನು ಬಾಳೆಲೆಯಲ್ಲಿ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಚೀಲ ಬಿಗಿದು, ಡಬ್ಬಿಯಲ್ಲಿಟ್ಟು ಕಳಿಸಿದ್ದರು. ಮುಚ್ಚಳ ತೆರೆದ ಕ್ಷಣವೇ ಕೋಣೆಯ ಮೂವರೂ ತಟ್ಟೆ ಎತ್ತಿಕೊಂಡು ಹೊರಗೆ ಹೋದರು. ಆ ರಾತ್ರಿ ಚಟ್ನಿಯನ್ನು ಹಿತ್ತಿಲಲ್ಲಿ ಹೂತುಬಂದು, ಎರಡು ವರ್ಷ ನಾನು ಸಸ್ಯಾಹಾರಿಯೆಂದು ಎಲ್ಲರೆದುರು ಹೇಳಿಕೊಂಡೆ. ಬಂಗುಡೆಯ ಮೇಲೆ ನನಗೆ ಕರುಣೆ ಬಂದಿರಲಿಲ್ಲ. ಅಮ್ಮನ ಅಡುಗೆಯ ಬಗ್ಗೆ ನಾಚಿಕೆ ಹುಟ್ಟಿತ್ತು. ಆದ್ದರಿಂದ ಅಕ್ಕ, ಶಾಲೆಯಲ್ಲಿ ಯಾರಾದರೂ ಏನಾದರೂ ಅಂದಿದ್ದಾರೆಯೇ ಎಂದು ಮೆಲ್ಲಗೆ ವಿಚಾರಿಸಿ. ನಾಚಿಕೆಯಿಂದ ಬಿಟ್ಟಿದ್ದರೆ ಅವಳಿಗೆ ಬೇಕಾದ ಮಾತೇ ಬೇರೆ.

ಜಯನಗರದ ಓದುಗ
ನೋವಾಗಿದ್ದರೆ ಕ್ಷಮಿಸಿ. ನಾನು ಹುಟ್ಟಿ ಬೆಳೆದ ಮನೆಯ ಪದ್ಧತಿಯಿಂದ ಹಾಗೆ ಬರೆದೆ. ಮನೆಯವರೆಲ್ಲ ಬದಲಾಗಬೇಕೆಂಬ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.

ಆಪ್ತ ಸಮಾಲೋಚಕಿ, ಶಿವಮೊಗ್ಗ
ಕುಂದಾಪುರದವರ ಪ್ರಶ್ನೆಗೆ ಇನ್ನೊಂದನ್ನು ಸೇರಿಸಬೇಕು. ಕೆಲವು ಹುಡುಗಿಯರು, ಈಚೆಗೆ ಹುಡುಗರೂ, ದಪ್ಪಗಾಗುವ ಭಯದಿಂದ ಊಟ ಕಡಿಮೆ ಮಾಡಲು ಸಸ್ಯಾಹಾರವನ್ನು ಒಂದು ನೆಪವಾಗಿ ಹಿಡಿಯುತ್ತಾರೆ. "ನಾನು ಇದನ್ನು ತಿನ್ನುವುದಿಲ್ಲ" ಎಂದು ಹೇಳಲು ಮನೆಯವರು ಒಪ್ಪುವಂಥ ಕಾರಣ ಸಿಕ್ಕಂತಾಗುತ್ತದೆ. ಮೊದಲು ಮಾಂಸ, ಆಮೇಲೆ ಎಣ್ಣೆ, ಆಮೇಲೆ ಅನ್ನ ಎಂದು ಒಂದೊಂದಾಗಿ ಬಿಡುತ್ತಾ ಹೋದರೆ, ಕನ್ನಡಿಯ ಮುಂದೆ ಹೊಟ್ಟೆ ಹಿಡಿದು ನೋಡಿಕೊಳ್ಳುತ್ತಿದ್ದರೆ, ಎಲ್ಲರೊಂದಿಗೆ ಕುಳಿತು ಉಣ್ಣುವುದನ್ನೇ ತಪ್ಪಿಸುತ್ತಿದ್ದರೆ, ಮುಟ್ಟು ನಿಂತರೆ ತಡಮಾಡದೆ ವೈದ್ಯರ ಬಳಿ ಕರೆದುಕೊಂಡು ಹೋಗಬೇಕು. ನಿಮ್ಮ ಮಗಳು ಕಡಲೆಬೀಜದ ಉಂಡೆಯನ್ನೋ ಹಬ್ಬದ ಹೋಳಿಗೆಯನ್ನೋ ಖುಷಿಯಿಂದ ತಿನ್ನುತ್ತಾಳೆಯೇ?

ಮದ್ದೂರಿನ ಅಮ್ಮ
ತಿನ್ನುತ್ತಾಳೆ ಮೇಡಂ. ಮೊನ್ನೆ ನಾದಿನಿಯ ಮಗುವಿನ ನಾಮಕರಣದಲ್ಲಿ ತುಪ್ಪ ಹಾಕಿಸಿಕೊಂಡು ಮೂರು ಹೋಳಿಗೆ ತಿಂದಳು. ಎಲ್ಲರ ಜೊತೆಗೇ ಕುಳಿತುಕೊಳ್ಳುತ್ತಾಳೆ. ನಿಮ್ಮ ಮಾತು ಓದಿ ಒಂದು ಕ್ಷಣ ಎದೆ ಝಲ್ಲೆಂದಿತ್ತು, ಈಗ ಸ್ವಲ್ಪ ಸಮಾಧಾನವಾಯಿತು.

ಆಹಾರ ತಜ್ಞೆ, ಮೈಸೂರು
ಹಾಗಿದ್ದರೆ ಅಡುಗೆಯ ವಿಚಾರಕ್ಕೆ ಬರೋಣ. ನೀವು ಎರಡು ಅಡುಗೆ ಮಾಡಬೇಕಾದ ಅಗತ್ಯವೇ ಇಲ್ಲ, ಏಕೆಂದರೆ ಮಂಡ್ಯದ ಅಡುಗೆಮನೆಯಲ್ಲಿ ಇದಕ್ಕೆ ಬೇಕಾದುದೆಲ್ಲ ಮೊದಲಿನಿಂದಲೂ ಇದೆ. ಬಸ್ಸಾರು, ಉಪ್ಪೆಸರು, ಮಸ್ಸೊಪ್ಪು, ಮೊಳಕೆ ಹುರುಳಿಕಾಳಿನ ಸಾರು, ಅವರೆಯ ಕಾಲದಲ್ಲಿ ಹಿತಕಿದಬೇಳೆ ಇವೆಲ್ಲವೂ ಕಾಳು ಮತ್ತು ಸೊಪ್ಪು ಸೇರಿದ ಅಡುಗೆಗಳು. ಆದರೆ ಮನೆಯಲ್ಲಿ ಇವನ್ನು ಬಡಿಸುವ ಬಗೆಯಲ್ಲಿ ಒಂದು ಲೋಪವಿರುತ್ತದೆ: ಸಾರು ಧಾರಾಳವಾಗಿ ಬೀಳುತ್ತದೆ, ಕಾಳಿನ ಪಲ್ಯ ಮಾತ್ರ ತಟ್ಟೆಯ ಅಂಚಿಗೆ ಒಂದು ಚಮಚ. ಹಾಗಾಗದಂತೆ ನೋಡಿಕೊಂಡು, ಮುಷ್ಟಿ ತುಂಬ ಪಲ್ಯ ಬಡಿಸಿ.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ಹದಿನೈದರ ಹುಡುಗಿಗೆ ದಿನಕ್ಕೆ ಸುಮಾರು 43 ಗ್ರಾಂ ಪ್ರೋಟೀನ್ ಬೇಕು. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ 7 ಗ್ರಾಂ, 100 ಗ್ರಾಂ ಅಕ್ಕಿಯ ಅನ್ನದಲ್ಲಿ ಹೆಚ್ಚುಕಡಿಮೆ ಅಷ್ಟೇ, 50 ಗ್ರಾಂ ಒಣಕಾಳು ನೆನೆಸಿ ಬೇಯಿಸಿದರೆ 11, ಎರಡು ಹೊತ್ತು ಸೇರಿ 300 ಮಿಲಿಲೀಟರ್ ಹಾಲು ಅಥವಾ ಗಟ್ಟಿ ಮೊಸರಿನಲ್ಲಿ 9, ಒಂದು ಹಿಡಿ ಹುರಿದ ಕಡಲೆಬೀಜದಲ್ಲಿ 7. ಒಟ್ಟು 41ರ ಆಸುಪಾಸು ಬಂತು. ಸೊಪ್ಪು, ತರಕಾರಿ ಮತ್ತು ತಿಂಡಿಯಿಂದ ಉಳಿದದ್ದು ತುಂಬುತ್ತದೆ. ಹಾಲನ್ನು ನೀರು ಮಜ್ಜಿಗೆ ಮಾಡಿಬಿಟ್ಟರೆ ಈ ಲೆಕ್ಕ ಕೂಡಿಬರುವುದಿಲ್ಲ. ರಾಗಿಯಲ್ಲಿ 100 ಗ್ರಾಂಗೆ 340 ಮಿಲಿಗ್ರಾಂ ಮೀರಿದ ಸುಣ್ಣದಂಶ ಇರುವುದರಿಂದ ಮೂಳೆಯ ಬಗ್ಗೆ ನಿಮ್ಮ ಅತ್ತೆಯವರಿಗಿರುವ ಚಿಂತೆಗೆ ಮುದ್ದೆಯೇ ಅರ್ಧ ಉತ್ತರ ಕೊಡುತ್ತದೆ.

ಭಾನುವಾರ ಕೋಳಿ ಸಾರಿಗೆ ಹುರಿದು ರುಬ್ಬುವ ಮಸಾಲೆಯಲ್ಲೇ ಎರಡು ಸೌಟು ತೆಗೆದಿಟ್ಟು, ಪಕ್ಕದ ಒಲೆಯಲ್ಲಿ ಅಲಸಂದೆ ಕಾಳನ್ನೋ ಬಟಾಣಿ ಆಲೂಗಡ್ಡೆಯನ್ನೋ ಬೇಯಿಸಿ ಅದಕ್ಕೆ ಹಾಕಿ. ಮನೆಯ ಹಬ್ಬದೂಟದ ರುಚಿ ಅವಳಿಗೂ ಸಿಗಬೇಕು. ಎಲ್ಲರೂ ಬೆರಳು ಚೀಪುವಾಗ ಅವಳೊಬ್ಬಳೇ ಉಪ್ಪಿನಕಾಯಿ ನೆಕ್ಕುತ್ತಾ ಕುಳಿತಿರುವುದನ್ನು ಓದಿ ನನಗೆ ಬಹಳ ಸಂಕಟವಾಯಿತು.

ಬಳ್ಳಾರಿಯ ತಂದೆ
ನನ್ನ ಮಗ ಹದಿನೇಳರವನು, ಕಬಡ್ಡಿ ಆಡುತ್ತಾನೆ, ಆರು ತಿಂಗಳಿಂದ ಮಾಂಸ ಬಿಟ್ಟಿದ್ದಾನೆ. ವ್ಯಾಯಾಮ ಶಾಲೆಯಲ್ಲಿ ನಾಲ್ಕು ಸಾವಿರ ರೂಪಾಯಿಯ ಪ್ರೋಟೀನ್ ಪುಡಿ ತರಲೇಬೇಕೆಂದು ಹೇಳಿದ್ದಾರೆ. ಅದು ಬೇಕೇ?

ಆಹಾರ ತಜ್ಞೆ, ಮೈಸೂರು
ಆ ವಯಸ್ಸಿನ ಹುಡುಗನಿಗೆ ದಿನಕ್ಕೆ ಸುಮಾರು 55 ಗ್ರಾಂ ಸಾಕು, ಆಟಗಾರನೆಂದರೆ ಇನ್ನು ಸ್ವಲ್ಪ ಹೆಚ್ಚು. 100 ಗ್ರಾಂ ಒಣ ಸೋಯಾ ಉಂಡೆಯಲ್ಲಿ 50 ಗ್ರಾಂನಷ್ಟು ಪ್ರೋಟೀನ್ ಇರುತ್ತದೆ, ಹುರಿಗಡಲೆಯಲ್ಲಿ 20ರ ಹತ್ತಿರ. ಪುಡಿಯ ಹಣದಲ್ಲಿ ಮನೆಗೆ ದಿನವೂ ಒಂದು ಲೀಟರ್ ಹಾಲು ಹೆಚ್ಚಿಗೆ ತಂದರೂ ತಿಂಗಳ ಕೊನೆಗೆ ಕಾಸು ಉಳಿಯುತ್ತದೆ.

ದಾವಣಗೆರೆಯ ಗೃಹಿಣಿ
ವಿಟಮಿನ್ ಬಿ12 ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಆದರೆ ಇಡ್ಲಿ, ದೋಸೆಯ ಹಿಟ್ಟು ಹುಳಿ ಬರುವಾಗ ಬಿ12 ತಾನಾಗಿಯೇ ಉತ್ಪತ್ತಿಯಾಗುತ್ತದಲ್ಲವೇ?

ಮಕ್ಕಳ ವೈದ್ಯೆ, ಹುಬ್ಬಳ್ಳಿ
ಈ ನಂಬಿಕೆ ಬಹಳ ಮನೆಗಳಲ್ಲಿದೆ, ದಯವಿಟ್ಟು ಇದನ್ನು ನೆಚ್ಚಬೇಡಿ. ಹುಳಿ ಬಂದ ಹಿಟ್ಟಿನಿಂದ ದೇಹಕ್ಕೆ ಬೇಕಾದಷ್ಟು ಬಿ12 ಸಿಗುವುದಿಲ್ಲ. ಸ್ಪಿರುಲಿನಾ ಮಾತ್ರೆಯಲ್ಲಿ ಇರುವುದೂ ಬಹುಪಾಲು ದೇಹ ಬಳಸಲಾಗದ ರೂಪದ್ದು. ಬಿ12 ನೆಚ್ಚಬಹುದಾದಷ್ಟು ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ, ಇಲ್ಲವೇ ಮಾತ್ರೆಯಲ್ಲಿ. ಇದರ ಕೊರತೆ ಮೋಸಗೊಳಿಸುವಂಥದ್ದು: ಯಕೃತ್ತಿನಲ್ಲಿ ಕೂಡಿಟ್ಟದ್ದು ವರ್ಷಗಟ್ಟಲೆ ಬರುವುದರಿಂದ, ಬಿಟ್ಟ ಕೂಡಲೇ ಏನೂ ಆಗಲಿಲ್ಲವೆಂಬ ಧೈರ್ಯ ಬಂದುಬಿಡುತ್ತದೆ. ಕೈಕಾಲು ಜೋಮು ಹಿಡಿಯುವುದು, ನಾಲಿಗೆ ಉರಿ, ಮರೆವು ಆಮೇಲೆ ಶುರುವಾಗುತ್ತವೆ, ಮತ್ತು ನರಗಳಿಗೆ ಆದ ಹಾನಿ ಕೆಲವೊಮ್ಮೆ ಪೂರ್ತಿ ವಾಸಿಯಾಗುವುದಿಲ್ಲ.

ಧಾರವಾಡದ ಪಿಯು ವಿದ್ಯಾರ್ಥಿನಿ
ಡಾಕ್ಟರ್ ಹೇಳಿದ ಜೋಮು ನನಗೆ ಬಂದಿತ್ತು. ನಮ್ಮದು ಹುಟ್ಟಾ ಸಸ್ಯಾಹಾರಿ ಮನೆ. ಕರು ಕಟ್ಟಿಹಾಕಿ ಹಾಲು ಕರೆಯುವುದನ್ನು ಸೋದರಮಾವನ ಹೊಲದ ಮನೆಯಲ್ಲಿ ಹತ್ತಿರದಿಂದ ನೋಡಿದ ಮೇಲೆ, ಎಸ್ಸೆಸ್ಸೆಲ್ಸಿ ರಜೆಯಲ್ಲಿ ಹಾಲು, ಮೊಸರು, ತುಪ್ಪ ಎಲ್ಲವನ್ನೂ ಬಿಟ್ಟೆ. ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಮಡಕಿಕಾಳು ಪಲ್ಯ ಇರುವ ಊಟದಲ್ಲಿ ನನಗೆ ಏನೂ ಕೊರತೆ ಕಾಣಲಿಲ್ಲ. ಒಂದೂವರೆ ವರ್ಷದ ಮೇಲೆ ಪ್ರಯೋಗಾಲಯದಲ್ಲಿ ಬರೆಯುವಾಗ ಬೆರಳ ತುದಿಗೆ ಪೆನ್ನು ಹಿಡಿದದ್ದೇ ತಿಳಿಯದಂತಾಯಿತು. ಪರೀಕ್ಷೆ ಮಾಡಿಸಿದಾಗ ಬಿ12 ತೀರಾ ಕಡಿಮೆ ಇತ್ತು. ಚುಚ್ಚುಮದ್ದು ತೆಗೆದುಕೊಂಡೆ, ಈಗ ಮಾತ್ರೆ ತಪ್ಪಿಸುವುದಿಲ್ಲ.

ಹಾಲನ್ನು ನಾನು ಇಂದಿಗೂ ಮುಟ್ಟುವುದಿಲ್ಲ, ಆ ನಿರ್ಧಾರಕ್ಕೆ ಪಶ್ಚಾತ್ತಾಪವೂ ಇಲ್ಲ. ಆದರೆ ಪ್ರಾಣಿಗಳ ಬಗ್ಗೆ ಅಷ್ಟೆಲ್ಲ ಓದಿದವಳು ನನ್ನ ಮೈಯ ಬಗ್ಗೆ ಒಂದು ಪುಟವನ್ನೂ ಓದಲಿಲ್ಲವಲ್ಲ ಎಂಬ ಬೇಸರವಿದೆ. ಆಂಟಿ, ನಿಮ್ಮ ಮಗಳಿಗೆ ಇದನ್ನು ಓದಲು ಕೊಡಿ. ಅವಳ ವಯಸ್ಸಿನವಳೇ ಹೇಳಿದರೆ ಕೇಳುತ್ತಾಳೆ.

ಕೊಪ್ಪಳದ ಶಿಕ್ಷಕಿ
ಮೊಟ್ಟೆಯ ಮಾತನ್ನು ಯಾರೂ ಎತ್ತಲಿಲ್ಲ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಆರಂಭಿಸಿದಾಗ ಎಷ್ಟು ವಿರೋಧ ಬಂತೆಂಬುದು ಎಲ್ಲರಿಗೂ ನೆನಪಿರಬಹುದು. ಆಮೇಲೆ ಅದು ರಾಜ್ಯದ ಎಲ್ಲ ಕಡೆಗೂ ಬಂತು, 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ವಾರದ ಆರೂ ದಿನಕ್ಕೆ ವಿಸ್ತರಿಸಿತು. ಬೇಡವೆನ್ನುವ ಮಕ್ಕಳಿಗೆ ಬಾಳೆಹಣ್ಣು ಇದೆ. ನಾನು ಮೊದಲು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಮೊಟ್ಟೆಯವರಿಗೆ ಒಂದು ಸಾಲು, ಬಾಳೆಹಣ್ಣಿನವರಿಗೆ ಇನ್ನೊಂದು ಸಾಲು ಮಾಡಿ ಕೂರಿಸುತ್ತಿದ್ದರು. ಎಂಟನೇ ತರಗತಿಯ ಹುಡುಗಿಯೊಬ್ಬಳು ಗೆಳತಿಯ ಪಕ್ಕ ಕೂರುವ ಒಂದೇ ಆಸೆಗೆ ಮೊಟ್ಟೆ ಬಿಟ್ಟಿದ್ದಳು. ನಾವು ಕೆಲವು ಶಿಕ್ಷಕಿಯರು ಪಟ್ಟುಹಿಡಿದು ಸಾಲುಗಳನ್ನು ಒಂದು ಮಾಡಿಸಿದ ಮೇಲೆ ಮೂರನೇ ದಿನವೇ ಅವಳು ಮತ್ತೆ ಮೊಟ್ಟೆ ಕೇಳಿದಳು. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಇದೆ, ಬಿ12 ಕೂಡ ಇದೆ. ಮದ್ದೂರಿನ ಹುಡುಗಿ ಮೊಟ್ಟೆಯನ್ನಾದರೂ ಒಪ್ಪುತ್ತಾಳೆಯೇ ಕೇಳಿ ನೋಡಿ, ಆದರೆ ಒತ್ತಾಯ ಬೇಡ.

ಚನ್ನಪಟ್ಟಣದ ಹಿರಿಯ
ಎಲ್ಲರೂ ಹುಡುಗಿಯ ಪರವಾಗಿಯೇ ಮಾತಾಡುತ್ತಿದ್ದೀರಿ. ಮಹಾಲಯ ಅಮಾವಾಸ್ಯೆಗೆ ಪಿತೃಗಳಿಗೆ ಎಡೆ ಇಡುವಾಗ ಅವರು ಇಷ್ಟಪಟ್ಟು ತಿನ್ನುತ್ತಿದ್ದ ಬಾಡೂಟವನ್ನೇ ಇಡುವ ಮನೆಗಳು ನಮ್ಮವು. ಮಕ್ಕಳು ಹೀಗೆ ಬಿಡುತ್ತಾ ಹೋದರೆ ನಾಳೆ ಎಡೆ ಇಡುವವರು ಯಾರು? ಆ ತಂದೆ ಊಟದ ಹೊತ್ತಿನಲ್ಲಿ ಸುಮ್ಮನಾಗುವುದರ ಹಿಂದೆ ಈ ನೋವು ಇರಬಹುದು. ಅದನ್ನು ಬರೀ ಕೋಪವೆಂದು ತಳ್ಳಿಹಾಕಬೇಡಿ.

ತುಮಕೂರಿನ ಮೇಷ್ಟ್ರು
ಹಿರಿಯರೇ, ನಿಮ್ಮ ಮಾತು ನನಗೆ ಅರ್ಥವಾಗುತ್ತದೆ. ಆದರೆ ಎಡೆ ಇಡುವುದಕ್ಕೂ ತಾನು ತಿನ್ನುವುದಕ್ಕೂ ಗಂಟು ಹಾಕಬೇಕಾಗಿಲ್ಲ. ನಮ್ಮ ದೊಡ್ಡಮ್ಮ ಮೂವತ್ತು ವರ್ಷ ಮಾಂಸ ಮುಟ್ಟಲಿಲ್ಲ. ಆದರೂ ದೊಡ್ಡಪ್ಪ ತೀರಿಕೊಂಡ ಮೇಲೆ ಪ್ರತಿ ವರ್ಷ ತಾವೇ ಕೈಮಾ ಉಂಡೆ ಕಟ್ಟಿ, ಉಪ್ಪು ಸರಿಯಿದೆಯೇ ಎಂದು ನಮ್ಮ ಕೈಯಲ್ಲಿ ನೋಡಿಸಿ, ಎಡೆಗೆ ಇಡುತ್ತಿದ್ದರು.

ಚನ್ನಪಟ್ಟಣದ ಹಿರಿಯ
ಹಾಗೆ ನಡೆದುಕೊಳ್ಳುವ ಮಗುವಾದರೆ ನನ್ನ ತಕರಾರಿಲ್ಲ.

ಮದ್ದೂರಿನ ಅಮ್ಮ
ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಧಾರವಾಡದ ಹುಡುಗಿಯ ಮಾತನ್ನು ಮಗಳಿಗೆ ಓದಲು ಕೊಟ್ಟೆ. ಎರಡು ಸಲ ಓದಿದಳು. ಆ ರಾತ್ರಿ ಪಾತ್ರೆ ತೊಳೆಯುವಾಗ ತಾನಾಗಿಯೇ ಬಂದು ಪಕ್ಕದಲ್ಲಿ ನಿಂತಳು. ಬೆಳಿಗ್ಗೆ ಆರಕ್ಕೆ ಟ್ಯೂಷನ್ನಿಗೆ ಹೋಗುವ ದಾರಿಯಲ್ಲಿ, ಕೋಳಿಗಳ ಕಾಲು ಕಟ್ಟಿ ತಲೆಕೆಳಗಾಗಿ ಬೈಕಿನ ಎರಡೂ ಬದಿಗೆ ನೇತುಹಾಕಿಕೊಂಡು ಹೋಗುವವರನ್ನು ನಾವೆಲ್ಲ ದಿನವೂ ನೋಡುತ್ತೇವೆ. ಯುಗಾದಿಗೆ ನಾಲ್ಕು ದಿನ ಮುಂಚೆ ರೈಲ್ವೆ ಗೇಟು ಹಾಕಿದ್ದಾಗ ಅಂಥ ಬೈಕೊಂದು ಅವಳ ಸೈಕಲ್ಲಿಗೆ ತಾಗಿಕೊಂಡೇ ನಿಂತಿತಂತೆ. ಒಂದು ಕೋಳಿ ಕತ್ತನ್ನು ಮೇಲಕ್ಕೆ ಬಾಗಿಸಿ, ಗೇಟು ತೆಗೆಯುವವರೆಗೂ ಅವಳ ಮೊಣಕಾಲಿನ ಹತ್ತಿರವೇ ಕಣ್ಣು ಮಿಟುಕಿಸುತ್ತಿತ್ತಂತೆ. "ಅದರ ಕೊಕ್ಕು ನನ್ನ ಲಂಗಕ್ಕೆ ತಾಗುತ್ತಿತ್ತಮ್ಮ, ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ" ಎಂದಳು. ಕೋಳಿಗೆ ಹೆದರಿ ಕಾಲು ಎಳೆದುಕೊಂಡದ್ದೇ ಅವಳಿಗೆ ಹೆಚ್ಚು ನೋವಾಗಿದೆ. ಯಾರೂ ಅವಳನ್ನು ಆಡಿಕೊಂಡಿಲ್ಲ, ತೂಕದ ಭಯವೂ ಇಲ್ಲ.

ಹಿಮೋಗ್ಲೋಬಿನ್ 10.6 ಬಂತು. ನೀಲಿ ಮಾತ್ರೆಗಳು ನಿಜವಾಗಿಯೂ ಜಾಮಿಟ್ರಿ ಡಬ್ಬಿಯಲ್ಲೇ ಇದ್ದವು. ವೈದ್ಯರು ಮೂರು ತಿಂಗಳಿಗೆ ಮಾತ್ರೆ ಬರೆದುಕೊಟ್ಟಿದ್ದಾರೆ, ಊಟವಾದ ಮೇಲೆ ನಿಂಬೆ ಪಾನಕದ ಜೊತೆ ನನ್ನ ಎದುರಿಗೇ ನುಂಗುತ್ತಾಳೆ. ಮೊಟ್ಟೆ ಈಗ ಬೇಡವೆಂದಳು, ನಾನು ಮತ್ತೆ ಕೇಳಲಿಲ್ಲ. ಹಾಲು, ಮೊಸರು ತೆಗೆದುಕೊಳ್ಳುತ್ತಾಳೆ. ಮೊನ್ನೆ ಭಾನುವಾರ ಮೈಸೂರಿನ ಮೇಡಂ ಹೇಳಿದಂತೆ ಮಸಾಲೆ ತೆಗೆದಿಟ್ಟು ಅಲಸಂದೆ ಸಾರು ಮಾಡಿದೆ. ಯಜಮಾನರು ತಮ್ಮ ಸಾರಿನ ಜೊತೆ ಅದರಲ್ಲೂ ಒಂದು ಸೌಟು ಹಾಕಿಸಿಕೊಂಡು, "ಖಾರ ಸರಿಯಾಗಿದೆಯಾ ನೋಡವ್ವ" ಎಂದು ಅವಳನ್ನು ಮಾತಾಡಿಸಿದರು.

ಒಂದು ಸಣ್ಣ ಸಂಶಯ ಉಳಿದಿದೆ. ಅತ್ತೆಯವರು ತಾವೇ ಹುರುಳಿಕಾಳು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುತ್ತಿದ್ದಾರೆ. ಬೇಯಿಸಿದ ನೀರನ್ನು ಉಷ್ಣವೆಂದು ಚೆಲ್ಲಬೇಕೇ?

ಆಹಾರ ತಜ್ಞೆ, ಮೈಸೂರು
ಖಂಡಿತ ಚೆಲ್ಲಬೇಡಿ ಅಕ್ಕ. ನೆನೆಸಿದ ನೀರನ್ನು ಬೇಕಾದರೆ ಬಸಿದುಬಿಡಿ, ಬೇಯಿಸಿದ ಕಟ್ಟಿನಲ್ಲಿ ಸತ್ವವಿದೆ. ಅದರಲ್ಲೇ ಬಸ್ಸಾರು ಮಾಡಿ, ಕಾಳಿಗೆ ಒಗ್ಗರಣೆ ಹಾಕಿ ನಿಂಬೆಹಣ್ಣು ಹಿಂಡಿ ಮುಷ್ಟಿ ತುಂಬ ಬಡಿಸಿ. ಮೂರು ತಿಂಗಳ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸುವುದನ್ನು ಮರೆಯಬೇಡಿ, ಅದರ ಜೊತೆಗೇ ಬಿ12 ಕೂಡ ನೋಡಿಸಿ.